ಕಲ್ಲಿನ ಗಾಡಿ ಬೇರೆ, ದ್ರಾಕ್ಷಿ ಗಾಡಿ ಬೇರೆ

ತಿಕೋಟಾದ ರಾಚವ್ವನ ದ್ರಾಕ್ಷಿ ತೋಟದಿಂದ ಡಾಂಬರು ರಸ್ತೆಗೆ ಬರುವ ಹಾದಿ ನಿಮ್ಮೂರಿನ ಹೊಲದ ಹಾದಿಯ ಹಾಗೆಯೇ ಇದೆ. ಎರಡು ಕಡೆ ಗಾಲಿಯ ಜಾಡು, ನಡುವೆ ಹುಲ್ಲು, ಅಲ್ಲಲ್ಲಿ ತಲೆ ಎತ್ತಿದ ಕಲ್ಲು. ಆ ಹಾದಿ ದಾಟಿ, ಡಾಂಬರು ಹಿಡಿದು, ಫಕ್ರುದ್ದೀನನ ಸಣ್ಣ ಟ್ರಕ್ಕು ವಿಜಯಪುರದ ಮಾರುಕಟ್ಟೆ ಮುಟ್ಟಿತು. ಹಿಂದಿನ ಬಾಗಿಲು ತೆಗೆದಾಗ, ಜೊತೆಗೇ ಬಂದಿದ್ದ ರಾಚವ್ವ ಬಗ್ಗಿ ನೋಡಿದಳು. ಗೊಂಚಲು ಬಿಟ್ಟು ಉದುರಿದ ದ್ರಾಕ್ಷಿ ಕ್ರೇಟುಗಳ ತಳದಲ್ಲಿ ರಾಶಿ ಬಿದ್ದಿತ್ತು. ರಸ ಸೋರಿ ಹಲಗೆ ಒದ್ದೆಯಾಗಿತ್ತು.

"ಹಿಂಗಾದ್ರ ಹ್ಯಾಂಗೋ ತಮ್ಮಾ? ಕೂಸಿನಂಗ ಜ್ವಾಪಾನ ಮಾಡಿದ ಮಾಲು ಇದು."

"ಹಾದಿ ಕೆಟ್ಟೈತಿ ಅಕ್ಕಾ. ನಾ ಏನ್ ಮಾಡ್ಲಿ?"

"ಹಾದಿ ಏನು ಇವತ್ತ ಕೆಟ್ಟೈತೇನು? ನನ್ನ ಮಗ ಮಲ್ಲಿನಾಥ ಬ್ಯಾರೆ ಗಾಡಿ ಹೇಳೂನು ಅನ್ನಾಕತ್ತಾನ. ಮುಂದಿನ ವಾರ ಮತ್ತ ಕೊಯ್ಲು ಐತಿ. ಅಷ್ಟರಾಗ ಏನರೆ ಮಾಡು. ಇಲ್ಲಂದ್ರ ಅವಂಗ ನಾ ಏನಂತ ಹೇಳ್ಲಿ?"

ರಾಚವ್ವನ ಮನೆಗೂ ಫಕ್ರುದ್ದೀನನ ಮನೆಗೂ ಇದ್ದದ್ದು ಬರೀ ಬಾಡಿಗೆಯ ಸಂಬಂಧವಲ್ಲ. ರಾಚವ್ವ ಜೈನಾಪುರದಿಂದ ಮದುವೆಯಾಗಿ ಬಂದದ್ದೇ ಅವನ ಅಪ್ಪ ಬುಡ್ಡೇಸಾಬನ ಲಾರಿಯಲ್ಲಿ. ಹಿಂದೆ ಬೀಗರು, ಹಂಡೆ, ಕೊಡ, ಗಾದಿ. ಮುಂದೆ ಅಪ್ಪನ ಪಕ್ಕದಲ್ಲಿ ಮದುಮಗಳು. ಹಾದಿಯುದ್ದಕ್ಕೂ ಹಾಡೇ ಹಾಡು. ಅಂಥ ಮನೆಯ ಮಾಲು ಬೇರೆ ಗಾಡಿ ಹತ್ತುವುದೆಂದರೆ ಅಪ್ಪ ಕಟ್ಟಿದ ನಂಟು ತನ್ನ ಕೈಯಲ್ಲೇ ಹರಿದಂತೆ. ಅವನಿಗೆ ಅಳುವೇ ಬಂತು.

ತೊರವಿಯ ಮನೆಗೆ ಬಂದರೆ ಹೆಂಡತಿ ಬೀಬಿಜಾನ ಸುಮ್ಮನೆ ಬಿಡಲಿಲ್ಲ.

"ಮೊದ್ಲು ಗಾಡಿ ಹಿಂಗ ಇರಲಿಲ್ಲರಿ. ಸುಗ್ಗಿಗಿಂತ ಮುಂಚೆ ನೀವು ಅದೇನೋ ಗಟ್ಟಿ ಮಾಡಿಸ್ಕೊಂಡು ಬಂದ್ರಿ. ಅವತ್ತಿಂದ ಅದರಾಗ ಕುಂತ್ರ ನನ್ನ ಹಲ್ಲು ಕಟಕಟ ಅಂತಾವ."

"ಗಾಡಿ ಅಂದ್ರ ಗಟ್ಟಿ ಇರಬೇಕು. ನಮ್ಮ ಅಪ್ಪನ ಲಾರಿ ಹೆಂಗಿತ್ತು, ನೋಡಿಲ್ಲೇನು?"

ಅವನು ಮಾಡಿದ್ದು ಇಷ್ಟೇ. ಹಳೆಯ ಶಾಕ್ ಅಬ್ಸಾರ್ಬರ್, ಮಂದಿಯ ಬಾಯಲ್ಲಿ ಶಾಕಪ್, ಎಣ್ಣೆ ಸೋರುತ್ತಿತ್ತು. ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಯಾವುದೋ ಅದನ್ನೇ ಆರಿಸಿ ತಂದ. ಸಾಲದ್ದಕ್ಕೆ ಹಿಂದಿನ ಗಾಲಿಗಳ ಮೇಲಿನ ಉಕ್ಕಿನ ಪಟ್ಟಿಗಳಿಗೆ, ಅಂದರೆ ಪಾಟಾಕ್ಕೆ, ಇನ್ನೊಂದು ಪಟ್ಟಿ ಸೇರಿಸಿದ. ಸಣ್ಣವನಿದ್ದಾಗ ಶಾಲೆಯ ರಜೆಯಲ್ಲಿ ಅಪ್ಪನ ಜೊತೆ ಕಲ್ಲಿನ ಖಣಿಗೆ ಹೋಗುತ್ತಿದ್ದ. ತುಂಬಾ ಕಲ್ಲು ಹೇರಿದರೂ ಲಾರಿ ಕುಗ್ಗದೆ ನಿಂತಿರುತ್ತಿತ್ತು. ಅಪ್ಪ ಬಗ್ಗಿ ಪಾಟಾ ತಟ್ಟಿ, "ಹೆಚ್ಚಿನ ಪಟ್ಟಿ ಹಾಕ್ಸೀನಿ" ಎಂದು ಮೀಸೆಯಲ್ಲೇ ನಗುತ್ತಿದ್ದ. ಆ ನಗು ಫಕ್ರುದ್ದೀನನ ಕಣ್ಣಲ್ಲಿ ಹಾಗೇ ಉಳಿದಿತ್ತು.

ಮರುದಿನ ಬೀಬಿಜಾನ ತಾನೇ ಗಾಡಿ ಹತ್ತಿ ಕುಳಿತು, "ಅಂಬಾದಾಸಣ್ಣನ ಕಡೆ ನಡೀರಿ" ಎಂದಳು. ಅಂಬಾದಾಸನ ಗ್ಯಾರೇಜು ಸ್ಟೇಷನ್ ರಸ್ತೆಯ ಓಣಿಯೊಳಗಿದೆ. ಅವನು ಕೆಲಸ ಕಲಿತದ್ದೇ ಬುಡ್ಡೇಸಾಬನ ಲಾರಿಯ ಕೆಳಗೆ. ಟ್ರಕ್ಕಿನ ಕೆಳಗೆ ತೂರಿದವನು ನಗುತ್ತಲೇ ಹೊರಬಂದ.

"ಲೇ ಫಕ್ರು, ನೀ ದ್ರಾಕ್ಷಿ ಹೇರ್ತೀಯೋ, ಕಲ್ಲು ಹೇರ್ತೀಯೋ?"

"ಗಟ್ಟಿ ಶಾಕಪ್ ಹಾಕಿದ್ರ ಭಾರ ತಡೀತೈತಿ ಅಂತ ಹಾಕೀನಿ."

"ಅಲ್ಲೇ ತಪ್ಪಿದಿ ನೋಡು. ಭಾರ ಹೊರೂದು ಪಾಟಾ. ತಗ್ಗಿಗೆ ಇಳಿದಾಗ ಆ ಪಾಟಾ ಕುಣೀತೈತಿ. ಕುಣಿಯೂದನ್ನ ಹಿಡಿದು ನಿಲ್ಲಸೂದು ಶಾಕಪ್. ಅದು ಅತಿ ಗಟ್ಟಿ ಇದ್ರ ಕೆಟ್ಟ ಹಾದ್ಯಾಗ ಗಾಲಿ ನೆಲ ಬಿಟ್ಟು ಜಿಗಿತೈತಿ. ನೆಲ ಬಿಟ್ಟ ಗಾಲಿಗೆ ಬ್ರೇಕ್ ಹತ್ತತೈತೇನು?"

"ಯಾ ಅಲ್ಲಾ!" ಎಂದಳು ಬೀಬಿಜಾನ. "ಬಬಲೇಶ್ವರದ ಕಡೆ ಆಡು ಅಡ್ಡ ಬಂದಾಗ ಗಾಡಿ ಲಗೂನ ನಿಲ್ಲಲಿಲ್ಲ ಅಂದ್ರಲ್ಲ, ಇದಕ್ಕೇನು?"

ಫಕ್ರುದ್ದೀನ ತಲೆ ತಗ್ಗಿಸಿದ. ಆದರೂ ಸೋಲಲಿಲ್ಲ. "ಹಂಗಾದ್ರ ಎಲ್ಲಕ್ಕಿಂತ ಮೆತ್ತಂದು ಹಾಕು."

"ಅದೂ ಬ್ಯಾಡ. ಡಾಂಬರಿನ ಮ್ಯಾಲೆ ತಿರುವು ಬಂದ್ರ ಗಾಡಿ ಓಲಾಡತೈತಿ. ನಿನ್ನ ಗಾಡಿ ಹೊಲದಾಗೂ ಓಡಬೇಕು, ರಸ್ತಾದ ಮ್ಯಾಲೂ ಓಡಬೇಕು. ಎರಡಕ್ಕೂ ಹೊಂದೂದು ನೋಡೂನು. ಮೊದ್ಲು ಆ ಹೆಚ್ಚಿನ ಪಟ್ಟಿ ಬಿಚ್ಚೂನು. ಹಗುರ ಮಾಲಿಗೆ ಅದು ಬಾಗೂದಿಲ್ಲ, ಹಾದಿಯ ಪೆಟ್ಟೆಲ್ಲಾ ದ್ರಾಕ್ಷಿಗೇ ಹೊಡೀತೈತಿ."

"ಪಟ್ಟಿ ಬಿಚ್ಚಾಕ ಆಗೂದಿಲ್ಲ. ನಮ್ಮ ಅಪ್ಪ ಹಾಕ್ಕೊಂಡ ಗಾಡಿ ಹೊಡದಾನ. ಅವಂಗ ತಿಳೀತಿರಲಿಲ್ಲೇನು?"

ಅಂಬಾದಾಸ ಕೈ ಒರೆಸಿಕೊಂಡು ಅವನ ಪಕ್ಕಕ್ಕೆ ಕುಳಿತ.

"ತಿಳೀತಿತ್ತೋ ಮಾರಾಯಾ. ಕಲ್ಲು ಹೇರೂವಾಗ ಹಾಕತಿದ್ರು. ದ್ರಾಕ್ಷಿ ಸುಗ್ಗಿ ಬಂತಂದ್ರ ಇಲ್ಲೇ ತಂದು ಬಿಚ್ಚಸತಿದ್ರು. ಬೋಲ್ಟ್ ತಿರುವೂ ಪಾನಾ ಹಿಡದಾಂವ ನಾನ. ನೀ ಆವಾಗ ಸಾಲ್ಯಾಗ ಇರತಿದ್ದಿ. 'ಕಲ್ಲಿನ ಗಾಡಿ ಬ್ಯಾರೆ, ದ್ರಾಕ್ಷಿ ಗಾಡಿ ಬ್ಯಾರೆ' ಅಂತ ಹೇಳಿ, ಕ್ರೇಟಿನ ಕೆಳಗ ಜ್ವಾಳದ ಒಣ ದಂಟು, ಕಣಕಿ ಹಾಸತಿದ್ರು."

ಫಕ್ರುದ್ದೀನ ಬಗ್ಗಿ ಆ ಹೆಚ್ಚಿನ ಪಟ್ಟಿಯನ್ನು ಮುಟ್ಟಿ ನೋಡಿದ. ರಜೆಯ ದಿನಗಳ ಅಪ್ಪನನ್ನಷ್ಟೇ ನಾನು ನೋಡಿದ್ದೆ, ಇನ್ನರ್ಧ ಅಪ್ಪನನ್ನು ಈಗ ನೋಡುತ್ತಿದ್ದೇನೆ ಅನಿಸಿತು. ಅಪ್ಪ ಇದ್ದಿದ್ದರೆ ತನ್ನ ಕಿವಿ ಹಿಂಡುತ್ತಿದ್ದ ಎಂದು ನಗುವೂ ಬಂತು.

"ಬಿಚ್ಚೋ ಅಂಬಾದಾಸ," ಎಂದ.

ಪಟ್ಟಿ ಬಿಚ್ಚಿ, ಕಂಪನಿ ಕೊಟ್ಟಿದ್ದಷ್ಟೇ ಪಾಟಾ ಉಳಿಸಿದರು. ಅಂಬಾದಾಸ ಒಂದೊಂದೇ ಕೇಳಿದ. ಹೊಲದ ಹಾದಿ ಎಷ್ಟು, ಡಾಂಬರು ಎಷ್ಟು, ದಿನಾ ಹೇರುವ ಭಾರ ಎಷ್ಟು? ಆಮೇಲೆ ಅದೇ ಮಾದರಿಯ ಗಾಡಿಗೆ ಒಪ್ಪುವ, ಚಾಚಿದಾಗಲೂ ಮಡಚಿದಾಗಲೂ ಉದ್ದ ಸರಿಹೊಂದುವ ಶಾಕಪ್ ಆರಿಸಿದ. ಗ್ಯಾಸ್ ತುಂಬಿದ್ದನ್ನೇ ತೆಗೆದುಕೊಳ್ಳಲು ಹೇಳಿದ. ತಗ್ಗುದಿನ್ನೆಯಲ್ಲಿ ಒಂದೇ ಸಮ ಓಡಿದರೆ ಒಳಗಿನ ಎಣ್ಣೆ ಕಾದು ನೊರೆಯಾಗುತ್ತದೆ, ಶಾಕಪ್ ಸಡಿಲಾಗುತ್ತದೆ. ಗ್ಯಾಸ್ ಇದ್ದರೆ ಆ ಕಾಟ ಕಡಿಮೆ. ಎಡಕ್ಕೊಂದು ಹೊಸದು ಬಲಕ್ಕೊಂದು ಹಳೆಯದು ಬೇಡವೆಂದು ಜೋಡಿಯಾಗಿಯೇ ಹಾಕಿದ. ಶಾಕಪ್ಪಿನ ತುದಿಯಲ್ಲಿ ಕೂರುವ, ಸವೆದ ರಬ್ಬರ್ ಬುಷ್ ಬದಲಿಸಿದ. ಎಂದಿನ ಭಾರ ಹೇರಿ ಎರಡೂ ಹಾದಿಯಲ್ಲಿ ಓಡಿಸಿ ನೋಡಿದ ಮೇಲೆಯೇ ಕೀಲಿ ಕೈಗೆ ಕೊಟ್ಟ.

ಮುಂದಿನ ವಾರ ಕೊಯ್ಲಿನ ದಿನ ರಾಚವ್ವನ ಜೊತೆ ಮಲ್ಲಿನಾಥನೂ ಗಾಡಿ ಹತ್ತಿದ. ಹಾದಿಯುದ್ದಕ್ಕೂ ಅವನ ಮುಖ ಬಿಗಿದೇ ಇತ್ತು. ಮಾರುಕಟ್ಟೆಯಲ್ಲಿ ತಾನೇ ಕ್ರೇಟು ಎತ್ತಿ ತಳಕ್ಕೆ ಕೈಹಾಕಿದ. ಅಲ್ಲೊಂದು ಇಲ್ಲೊಂದು ಹಣ್ಣು ಉದುರಿತ್ತು, ಅಷ್ಟೇ.

"ಮಾಮಾ, ಮುಂದಿನ ಕೊಯ್ಲಿಗೂ ನೀವ ಬರ್ರಿ," ಎಂದ ಮಲ್ಲಿನಾಥ.

ರಾಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬುಡ್ಡೇಸಾಬ ಮಾವ ಗಾಡಿ ಹೊಡದಂಗ ಆತೋ ತಮ್ಮಾ."

ಗಾಡಿ ಓಡಿಸುವ ಅಣ್ಣ ತಮ್ಮಂದಿರೇ, ಗಾಡಿಗೆ ಮಾಲು ಹೇರುವ ಅಕ್ಕ ತಂಗಿಯರೇ, ಇವತ್ತೇ ಒಮ್ಮೆ ಬಗ್ಗಿ ನೋಡಿ. ಶಾಕಪ್ ಎಣ್ಣೆ ಸೋರುತ್ತಿದೆಯೇ? ಟೈರು ಅಲ್ಲಲ್ಲಿ ತೇಪೆ ತೇಪೆಯಾಗಿ ಸವೆದಿದೆಯೇ? ತಗ್ಗು ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇದೆಯೇ? ಹಾಗಿದ್ದರೆ ತಡ ಮಾಡಬೇಡಿ, ತಿಳಿದ ಮಿಸ್ತ್ರಿಗೆ ತೋರಿಸಿ. ಗಟ್ಟಿ ಯಾವುದು ಎಂದು ಕೇಳಬೇಡಿ. ನನ್ನ ಹಾದಿಗೆ, ನನ್ನ ಭಾರಕ್ಕೆ, ನನ್ನ ಗಾಡಿಗೆ ಹೊಂದುವುದು ಯಾವುದು ಎಂದು ಕೇಳಿ. ನಿಮ್ಮನ್ನು ನಂಬಿ ಒಬ್ಬರು ತಮ್ಮ ವರ್ಷದ ದುಡಿಮೆಯನ್ನು ನಿಮ್ಮ ಗಾಡಿಗೆ ಏರಿಸಿರುತ್ತಾರೆ.