ಕೀಬೋರ್ಡಿನ ತೂಬು

ಹೆಂಡತಿ ಸಂಗೀತದ ಕೀಬೋರ್ಡಿನ ಮೇಲೆ ಮತ್ತೊಮ್ಮೆ ಬೆರಳಿಟ್ಟಳು. ಅದಕ್ಕೆ ಜೋಡಿಸಿದ್ದ ಕಂಪ್ಯೂಟರ್ ಬಾಯಿ ಬಿಡಲಿಲ್ಲ. ಗಂಡ, ಊರ ಕೆರೆಯ ನೀರುಗಂಟಿ, ಗಡಿಯಾರ ನೋಡಿದ, ಒಂಬತ್ತೂವರೆ. ಹತ್ತಕ್ಕೆ ಅವಳ ಶಿಷ್ಯ, ಬಸ್ ಡ್ರೈವರ್, ಪಾಠಕ್ಕೆ ಕೂರುತ್ತಾನೆ. ಅವನ ಊರಲ್ಲಿ ಅವನು, ಇಲ್ಲಿ ಇವಳು, ನಡುವೆ ಬ್ರೌಸರಿನ ಒಂದು ಪುಟ.

ಮೂವತ್ತು ವರ್ಷ ಹಾಡಿ ಕಲಿಸಿದವಳ ದನಿ ಗಂಟಲಿನ ಆಪರೇಷನ್ ಆದ ಮೇಲೆ ಪಿಸುಮಾತಿಗೆ ಇಳಿದಿತ್ತು. ಶಿಷ್ಯರು ಒಬ್ಬೊಬ್ಬರಾಗಿ ಜಾರಿಕೊಂಡರು. ಡ್ರೈವರ್ ಮಾತ್ರ, "ಹಾಡಕ್ಕಾಗ್ದಿದ್ರೆ ನುಡಿಸಿ ತೋರ್ಸಿ, ಟೀಚರ್" ಎಂದು ಪಟ್ಟು ಹಿಡಿದಿದ್ದ. ಇದೂ ಆಗದಿದ್ದರೆ ಪಾಠ ನಿಲ್ಲಿಸಿಬಿಡುತ್ತೇನೆ ಎಂದು ಅವಳು ನಿನ್ನೆ ಚೀಟಿ ಬರೆದು ಗಂಡನ ತಟ್ಟೆಯ ಪಕ್ಕ ಇಟ್ಟಿದ್ದಳು. ಅವನು ಓದಿ ಜೇಬಿಗೆ ಸೇರಿಸಿದ್ದ.

ಈಗ ಫೋನ್ ಹಚ್ಚಿದ. ಹಳೇ ಕಂಪ್ಯೂಟರಿಗೆ ಲಿನಕ್ಸ್ ತಂತ್ರಾಂಶ ಹಾಕಿ ಬದುಕಿಸಿಕೊಟ್ಟಿದ್ದ ರಿಪೇರಿಯವಳು ಎತ್ತಿದಳು.

"ಕೀಬೋರ್ಡಿನ ಮಿಡಿ ಸಂದೇಶ, ಅಂದ್ರೆ ಯಾವ ಸ್ವರ ಒತ್ತಿದ್ರಿ ಅನ್ನೋ ಸುದ್ದಿ, ಒಳಗೆ ಬಿಟ್ಕೊಳ್ಲಾ ಅಂತ ಬ್ರೌಸರ್ ಕೇಳಿತ್ತಾ, ಯಜಮಾನ್ರೇ?"

"ಕೇಳ್ತು. ಬೇಡ ಅಂದ್ವಿ."

"ಅಯ್ಯೋ, ಯಾಕೆ?"

"ಏನೇ ಕೇಳಿದ್ರೂ ಬೇಡ ಅನ್ನಿ ಅಂತ ನೀನೇ ತಾನೆ ಕಟ್ಟಪ್ಪಣೆ ಮಾಡಿದ್ದು?"

ಆಚೆಯಿಂದ ನಗು ಉಕ್ಕಿತು. "ಅದು ಕಳ್ಳರಿಗೆ ಹೇಳಿದ್ದು! ಇದು ಮನೆ ಮಗಳಿದ್ದ ಹಾಗೆ."

ಅನುಮತಿ ಕೊಟ್ಟು ಪುಟವನ್ನು ಹೊಸದಾಗಿ ತೆರೆದರು. ಅವಳು ಒತ್ತಿದ ಸ್ವರದ ಮನೆಯೇ ಪರದೆಯ ಮೇಲಿನ ಕೀಬೋರ್ಡಿನಲ್ಲೂ ನೀಲಿಯಾಗಿ ಬೆಳಗಿತು. ಸದ್ದು ಮಾತ್ರ ಇಲ್ಲ. ಅವಳ ಮುಖದಲ್ಲಿ ಹೊತ್ತಿದ್ದ ಬೆಳಕು ಹಾಗೇ ಆರಿತು. ಸದ್ದಿಲ್ಲವೆಂದು ನೀರುಗಂಟಿ ಫೋನಿನಲ್ಲಿ ಹೇಳಿದ.

"ಒಳಗೆ ಬರೋದು ಬರ್ತಿದೆ, ಹೊರಗೆ ಹೋಗೋದು ಎಲ್ಲೋ ದಾರಿ ತಪ್ಪಿದೆ. ನಾನು ಹಾಕ್ಕೊಟ್ಟಿದ್ನಲ್ಲ, ತಂತಿ ಚಿತ್ರದ ಕಿಟಕಿ, ಅದನ್ನ ಪರದೆ ಮೇಲೆ ತೆಗೀರಿ. ಎಡಗಡೆ ಸದ್ದು ಕೊಡೋರು, ಬಲಗಡೆ ಇಸ್ಕೊಳ್ಳೋರು."

ನೀರುಗಂಟಿ ಕನ್ನಡಕ ಏರಿಸಿದ. ಚೌಕಗಳು, ಒಂದರಿಂದ ಇನ್ನೊಂದಕ್ಕೆ ಬಾಗಿ ಹೋದ ಗೆರೆಗಳು. ನಲವತ್ತು ವರ್ಷ ಕೆರೆಯ ತೂಬು ಎತ್ತಿ, ಇಳಿಸಿ, ಗದ್ದೆಗದ್ದೆಗೆ ನೀರು ಹಂಚಿದವನಿಗೆ ಅದು ಹೊಸದೆನಿಸಲಿಲ್ಲ. ಬ್ರೌಸರಿನಿಂದ ಹೊರಟ ಎರಡು ಗೆರೆಗಳೂ ಮೇಲಿನೊಂದು ಚೌಕಕ್ಕೆ ಹೋಗಿ ಸೇರಿದ್ದವು; ಸ್ಪೀಕರಿನ ಚೌಕ ಒಣಗಿ ನಿಂತಿತ್ತು.

"ಗೆರೆ ಎರಡೂ ಸ್ಪೀಕರ್ ಬಿಟ್ಟು ಮೇಲಿನ ಚೌಕಕ್ಕೆ ಹೋಗಿವೆ. ಅದು ಯಾರದು?"

"ಪರದೇದು. ಸದ್ದು ಮಾಡೋಕೆ ಅದಕ್ಕೆ ಬಾಯೇ ಇಲ್ಲ."

"ಅಂದ್ರೆ ನೀರೆಲ್ಲ ಬಂಡೆ ಮೇಲೆ ಹರೀತಿದೆ ಅನ್ನು!"

ಅವನ ಕೈ ಮೌಸಿಗೆ ಹೋಯಿತು. ಹೆಂಡತಿ ತೋಳು ಹಿಡಿದು, "ಮುಟ್ಟಿ ಕೆಡಿಸ್ಬೇಡಿ" ಎಂದು ಪಿಸುಗುಟ್ಟಿದಳು.

"ಕೆಟ್ಟಿರೋದನ್ನ ಇನ್ನೇನೇ ಕೆಡಿಸ್ಲಿ?"

ಒಂದು ಗೆರೆ ಎಳೆದು ಸ್ಪೀಕರಿಗೆ ತಂದ. ಇನ್ನೊಂದು ಎರಡು ಸಲ ಕೈತಪ್ಪಿ, ಮೂರನೆಯ ಸಲ ಅಂಟಿತು. ಅವಳು ಒತ್ತಿದಳು. ಕೋಣೆ ತುಂಬ ಸ್ವರ. ಬಿಸಿ ತಾಗಿದವಳಂತೆ ಕೈ ಹಿಂತೆಗೆದುಕೊಂಡು, ಮತ್ತೆ ಒತ್ತಿದಳು, ಬಿಡಲೇ ಇಲ್ಲ.

ಹತ್ತಕ್ಕೆ ಪುಟದಲ್ಲಿ ಕೇಸರಿ ದೀಪ ಮೂಡಿತು. ಡ್ರೈವರ್. ಅವಳು ನಾಲ್ಕು ಸ್ವರ ನುಡಿಸಿದಳು. ಅತ್ತ ಅವನ ಕೀಬೋರ್ಡಿನಿಂದ ಮೂರು ಸರಿಯಾಗಿ ಬಂದವು, ನಾಲ್ಕನೆಯದು ಪಕ್ಕದ ಮನೆಗೆ ನುಗ್ಗಿತು. ಹಿಂದಿನಂತೆಯೇ ಮೇಜು ಕುಟ್ಟಿದಳು, ಸ್ವರ ಬಿಟ್ಟು ಬೇರೇನೂ ಆಚೆಗೆ ಕೇಳಿಸದೆಂಬ ನೆನಪಿಲ್ಲದೆ.

ಕುಟ್ಟಿದ ರಭಸಕ್ಕೆ ಸ್ಪೀಕರ್ ಗಡಗಡ ಅಲುಗಿತು. ನೀರುಗಂಟಿ ಜೇಬಿನಿಂದ ನಿನ್ನೆಯ ಚೀಟಿ ತೆಗೆದು, ನಾಲ್ಕು ಮಡಿಕೆ ಮಾಡಿ, ಅಲುಗದಂತೆ ಸ್ಪೀಕರಿನ ಕಾಲಡಿಗೆ ಸಿಕ್ಕಿಸಿದ.