ನಾಲ್ಕನೆಯ ಶರಣು

ಮಾಲಿನಿ ಹಗಲು ತುಮಕೂರಿನ ಬಟ್ಟೆಯಂಗಡಿಯಲ್ಲಿ ಸೀರೆ ಮಡಿಸುತ್ತ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು. ಗುಬ್ಬಿಯ ವಿದ್ಯಾಸಂಸ್ಥೆಯೊಂದರಿಂದ ಕ್ಲರ್ಕ್ ಕೆಲಸದ ಸಂದರ್ಶನಕ್ಕೆ ಕರೆ ಬಂದಾಗ ಮೇಷ್ಟ್ರು ರಂಗನಾಥ್ ಹೇಳಿದ್ದನ್ನೆಲ್ಲ ಬರೆದುಕೊಂಡು ಬಾಯಿಪಾಠ ಮಾಡಿದ್ದಳು.

"ಒಳಗಿರೋರಿಗೆಲ್ಲ ಶರಣು ಅನ್ನು, ಒಬ್ರನ್ನೂ ಬಿಡಬೇಡ. ಕೂತ್ಕೊ ಅನ್ನೋ ತನಕ ಕೂರಬೇಡ. ಸುಳ್ಳು ಹೇಳಬೇಡ. ಹೊರಡುವಾಗ ಎಲ್ರನ್ನೂ ಕೇಳಿ ಹೊರಡು."

ಇದು ಅವಳ ಮೂರನೆಯ ಸಂದರ್ಶನ. ಇದೂ ಕೈತಪ್ಪಿದರೆ ಕುಣಿಗಲ್ ಕಡೆಯ ಕೊತ್ತಗೆರೆಗೆ ಮರಳಿ, ಅವ್ವ ಹೊಂಬಾಳಮ್ಮ ನೋಡಿಟ್ಟ ಗಂಡಿಗೆ ಹೂಂ ಅನ್ನಬೇಕೆಂದು ಮಾತಾಗಿತ್ತು.

ಮಧ್ಯಾಹ್ನ ಮೂರಕ್ಕೆ ಕರೆದರು. ಮೇಜಿನ ಹಿಂದೆ ಕಾರ್ಯದರ್ಶಿ ಚನ್ನವೀರಯ್ಯ, ಹೆಡ್ ಮೇಡಂ ಶಿವರುದ್ರಮ್ಮ, ಆಡಳಿತ ಮಂಡಳಿಯ ಬಸವಪ್ರಭು. ಮೇಜಿನ ತುದಿಯಲ್ಲಿ ವಿಭೂತಿ ಧರಿಸಿದ ಒಬ್ಬ ಮುದುಕರು ಅರ್ಜಿಗಳ ಕಟ್ಟಿನ ಮೇಲೆ ಎಡಗೈ ಊರಿ ಕೂತಿದ್ದರು. ಮಾಲಿನಿ ಒಬ್ಬೊಬ್ಬರಿಗೂ ಕೈ ಮುಗಿದು ಶರಣು ಅಂದಳು. ಮುದುಕರು ಮೆಲ್ಲಗೆ, "ಕೂತ್ಕೊಳವ್ವ," ಅಂದರು. ಕೂತಳು.

ಬಸವಪ್ರಭು ನಕ್ಕರು. "ಮೂರು ಜನಕ್ಕೆ ನಾಕು ಶರಣು. ಬಟ್ಟೆಯಂಗಡಿಯೋರು ನೋಡಿ, ಕೊಸರು ಹಾಕ್ತಾರೆ."

ಚನ್ನವೀರಯ್ಯ ನಗಲಿಲ್ಲ. "ಕೂತ್ಕೊ ಅಂತ ಯಾರಮ್ಮ ಹೇಳಿದ್ದು?"

ಮಾಲಿನಿ ಮೇಷ್ಟ್ರ ಮಾತನ್ನೆಲ್ಲ ಮನಸ್ಸಲ್ಲೇ ತಿರುವಿದಳು. ಎಲ್ಲಿ ತಪ್ಪಿದೆ? ಯಾರೂ ಹೇಳಲಿಲ್ಲ, ಕ್ಷಮಿಸಿ ಅಂದುಬಿಟ್ಟರೆ ಮುಗಿಯುತ್ತಿತ್ತೇನೋ. ಆದರೆ ಅದು ಸುಳ್ಳು.

"ಅವ್ರು ಹೇಳಿದ್ರು ಸಾರ್," ಎಂದು ಮೇಜಿನ ತುದಿ ತೋರಿಸಿದಳು. "ಪೇಪರ್ ಮೇಲೆ ಕೈ ಇಟ್ಕೊಂಡಿದಾರಲ್ಲ, ಅವ್ರು."

ಮೂವರೂ ಅತ್ತ ತಿರುಗಿದರು. ತಲೆಯ ಮೇಲೆ ಫ್ಯಾನು ಬಿರುಸಾಗಿ ತಿರುಗುತ್ತಿತ್ತು. ಶಿವರುದ್ರಮ್ಮನವರ ಸೆರಗು ಹಾರುತ್ತಿತ್ತು, ಗೋಡೆಯ ಕ್ಯಾಲೆಂಡರ್ ಪಟಪಟ ಬಡಿಯುತ್ತಿತ್ತು. ಅರ್ಜಿಗಳ ಕಟ್ಟಿನ ಒಂದು ಹಾಳೆಯೂ ಅಲುಗುತ್ತಿರಲಿಲ್ಲ.

"ಸಿದ್ದಯ್ಯ," ಅಂದರು ಶಿವರುದ್ರಮ್ಮ, ಉಸಿರಿನಷ್ಟೇ ದನಿಯಲ್ಲಿ. "ಮೂವತ್ತು ವರ್ಷ ಇಲ್ಲೇ ಕ್ಲರ್ಕ್ ಆಗಿದ್ರು ಕಣಮ್ಮ. ತೀರ್ಕೊಂಡು ಎರಡು ವರ್ಷ ಆಯ್ತು."

"ಆ ಜಾಗಕ್ಕೆ ಬಂದ ಮೂರು ಜನಾನೂ ತಿಂಗಳು ನಿಲ್ಲಲಿಲ್ಲ," ಅಂದರು ಚನ್ನವೀರಯ್ಯ. "ಯಾರೋ ಹಿಂದೆ ನಿಂತಂಗಾಗುತ್ತೆ ಅಂತಿದ್ರು. ಅವ್ರಿಗ್ಯಾರಿಗೂ ಇವ್ರು ಕಾಣಿಸಲಿಲ್ಲ. ನಿನ್ನನ್ನ ಅವ್ರೇ ಕೂರಿಸಿದಾರೆ, ಸೋಮವಾರದಿಂದ ಬಾರಮ್ಮ."

ಕೆಲಸ ಸಿಕ್ಕಿತ್ತು. ಮಾಲಿನಿ ಎದ್ದು, ಕಲಿತಂತೆಯೇ, "ನಾನಿನ್ನು ಹೊರಡಬಹುದಾ?" ಅಂದಳು.

ಮೂವರೂ ತಲೆಯಾಡಿಸಿದರು. ಅವಳು ಮೇಜಿನ ತುದಿಯತ್ತ ನೋಡಿದಳು.

ಸಿದ್ದಯ್ಯ ಇನ್ನೊಂದು ಕೈಯಲ್ಲಿ ಮೆಲ್ಲಗೆ ಅವಳು ಬಿಟ್ಟೆದ್ದ ಕುರ್ಚಿ ತೋರಿಸಿದರು.

ಮಾಲಿನಿ ಮತ್ತೆ ಕೂತಳು.