ಶಿವಗಂಗಾ ಮೇಡಂ ಮತ್ತು ಒಂದು ಚಿಟಿಕೆ ಬಿಳಿ ಪುಡಿ

ಶಿವಗಂಗಾ ಮೇಡಂ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬಡಿಯುತ್ತಾರೆ. ಬಾಗಲಕೋಟೆ ನವನಗರದ ನಮ್ಮ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುವವನು, ಅವರು ಬಿ.ಎಸ್ಸಿ. ಅಂತಿಮ ವರ್ಷದವರಿಗೆ ರಸಾಯನಶಾಸ್ತ್ರ ಕಲಿಸುವವರು. ನನ್ನ ತರಗತಿಗೂ ಅವರ ಪ್ರಯೋಗಾಲಯಕ್ಕೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಏನು ಮಾಡಿದರೂ ಮುಚ್ಚದ ಒಂದು ಕಿಟಕಿ. ನಾನು ವಿರಹಿಣಿಯ ಪದ್ಯವನ್ನು ರಾಗವಾಗಿ ಓದಿ ಇಡೀ ತರಗತಿಯನ್ನು ಕರುಣರಸದಲ್ಲಿ ಅದ್ದುವ ಹೊತ್ತಿಗೆ ಸರಿಯಾಗಿ ಅಲ್ಲಿಂದ ಕೊಳೆತ ತತ್ತಿಯ ನಾತ ತೇಲಿಬಂದು, ಹುಡುಗಿಯರೆಲ್ಲ ದುಪಟ್ಟಾದಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ಒಮ್ಮೆ ಸಿಟ್ಟಿನಿಂದಲೇ ದೂರು ಒಯ್ದೆ. ಅವರು ಪರೀಕ್ಷಾ ನಳಿಕೆಯಿಂದ ಕಣ್ಣೆತ್ತದೆ, "ಮಲ್ಲಿಗಿ ವಾಸನೀನೂ ರಸಾಯನಾನರೀ ಸರ್. ನಿಮಗ ಒಂದ ಸೇರತೈತಿ, ಒಂದ ಸೇರೂದಿಲ್ಲ," ಎಂದು ಬಿಟ್ಟರು.

ಕುಳ್ಳ ದೇಹ, ಒಲೆಯ ಮೇಲೆ ಹಾಲಿಟ್ಟು ಬಂದವರ ನಡಿಗೆ. ಮೈಮೇಲೊಂದು ಕೋಟು, ಅದು ಬಿಳಿಯದಾಗಿತ್ತು ಎಂಬುದು ಈಗ ಇತಿಹಾಸಕಾರರು ಶೋಧಿಸಬೇಕಾದ ವಿಷಯ. ಅಯೋಡಿನ್ನಿನ ಕಂದು, ಬೆಳ್ಳಿ ಲವಣದ ಕಪ್ಪು, ಇನ್ನೂ ಯಾವಯಾವುದರದೋ ಹಳದಿ ಕಲೆಗಳು ಅದರ ಮೇಲೆ ದೇಶ ದೇಶಗಳನ್ನೇ ಬರೆದಿವೆ. ಕೋಟಿನ ಕೆಳಗೆ ಇಣುಕುವ ಇಳಕಲ್ ಸೀರೆಯ ಅಂಚಿನಲ್ಲಿ ಆಮ್ಲ ಸಿಡಿದು ಬಿದ್ದ ಸಣ್ಣ ಸಣ್ಣ ತೂತುಗಳು. ಅದನ್ನು ಕಂಡ ನನ್ನ ಹೆಂಡತಿ, "ಅಯ್ಯ ಶಿವನ, ಇಂಥಾ ಸೀರಿಗೆ ಇಂಥಾ ಗತಿ!" ಎಂದು ಎರಡು ದಿನ ಮರುಗಿದ್ದಳು.

ಅವರ ಬಾಯಲ್ಲಿ ಸದಾ ಕುಣಿಯುವ ಪ್ರಶ್ನೆ ಒಂದೇ: "ನೀ ಕಂಡಿಯೇನು?" ದ್ರವ ಹಸಿರಾಯಿತು ಎಂದರೂ ಅದೇ, ಗಸಿ ಕೂತಿತು ಎಂದರೂ ಅದೇ. ಮಳೆ ಬರುವ ಹಾಗಿದೆ ಎಂದ ಪ್ರಾಂಶುಪಾಲರಿಗೂ ಒಮ್ಮೆ "ಕಂಡಿರೇನ್ರಿ?" ಎಂದು ಕೇಳಿ ಅವರನ್ನು ಕಿಟಕಿಯವರೆಗೆ ಎಬ್ಬಿಸಿದವರು. ಕ್ಯಾಂಟೀನಿನಲ್ಲಿ ಹುಡುಗರು ಅವರ ದನಿಯನ್ನೇ ಅಣಕಿಸಿ ಪರಸ್ಪರ ಕಾಡಿಸುವುದನ್ನು ಕೇಳಿದರೆ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಾರೆ.

ಆ ಪ್ರಶ್ನೆಗೊಂದು ಕಾರಣವಿತ್ತು. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಹೆಸರಿಲ್ಲದ ಪುಡಿಯ ಪೊಟ್ಟಣ ಕೊಡುತ್ತಾರೆ. ಕಾಯಿಸಿ, ಕರಗಿಸಿ, ಹನಿ ಹಾಕಿ ಅದು ಏನೆಂದು ಕಂಡುಹಿಡಿಯಬೇಕು. ನಮ್ಮ ಮಕ್ಕಳಿಗೋ ಉತ್ತರ ಮೊದಲು, ಪ್ರಯೋಗ ಆಮೇಲೆ. ಹಿಂದಿನ ವರ್ಷದವರಿಂದ ಯಾವ ಪುಡಿ ಬರುತ್ತದೆಂದು ತಿಳಿದುಕೊಂಡು, ಅದು ಎಷ್ಟು ಶಾಖಕ್ಕೆ ಕರಗುತ್ತದೆಂದು ಪುಸ್ತಕದಲ್ಲಿದೆಯೋ ಅಷ್ಟನ್ನೇ, ಥರ್ಮಾಮೀಟರು ಮುಟ್ಟದೆ, ಗುಂಡಗೆ ಬರೆದಿಡುವುದು. ಮೇಡಂ ಇದನ್ನು ಹಿಡಿದಾಗಲೆಲ್ಲ ಹಾಳೆಯನ್ನು ಚಿಂದಿ ಮಾಡುತ್ತಿದ್ದರು. "ಹೆಸರು ನಂಬಬ್ಯಾಡ್ರಿ, ಪುಡಿ ನಂಬ್ರಿ!"

ಇಷ್ಟೆಲ್ಲ ಇದ್ದೂ ಅವರದೊಂದು ಹಟವಿತ್ತು. ಖಾಲಿ ಬಾಟಲಿಯನ್ನು ಎಸೆಯುವವರಲ್ಲ. ತೊಳೆದು, ಬೇರೆ ಪುಡಿ ತುಂಬಿ, ಹಳೆಯ ಚೀಟಿಯ ಮೇಲೇ ಹೊಸ ಚೀಟಿ ಅಂಟಿಸುವರು. ಈ ವರ್ಷ ಆ ಹಟ ಅವರಿಗೇ ಮುಳುವಾಯಿತು.

ಪರೀಕ್ಷೆಯ ದಿನ ಅವರನ್ನು ಚಹಾಕ್ಕೆ ಕರೆಯಲು ಹೋಗಿದ್ದೆ. ಒಳಗೆ ಆಫ್ರೀನ ಎಂಬ ಹುಡುಗಿ ಅಳು ನುಂಗಿಕೊಂಡು ನಿಂತಿದ್ದಳು. ಬೇವೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಓದುವವಳು, ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಗುವುದು ಬಿಡುವುದು ಈ ಅಂಕಗಳ ಮೇಲೆಯೇ ನಿಂತಿತ್ತು. ಪರ ಊರಿನಿಂದ ಬಂದ ಪರೀಕ್ಷಕರು ಅವಳ ಉತ್ತರಕ್ಕೆ ಕೆಂಪು ಗೀಟು ಎಳೆದಾಗಿತ್ತು. ಆ ಪುಡಿ ಬೆಂಜೋಯಿಕ್ ಆಮ್ಲ, ಇವಳು ಸ್ಯಾಲಿಸಿಲಿಕ್ ಆಮ್ಲ ಎಂದು ಬರೆದಿದ್ದಾಳೆ. ಅದೇ ಬಾಟಲಿಯ ಪುಡಿ ಸಿಕ್ಕ ಉಳಿದವರೆಲ್ಲ ಬೆಂಜೋಯಿಕ್ ಎಂದೇ ಬರೆದಿದ್ದಾರೆ. ಇದು ಪರೀಕ್ಷಕರ ವಾದ.

"ಏನ್ ಕಂಡಿ ನೀ?" ಎಂದರು ಮೇಡಂ.

"ಫೆರಿಕ್ ಕ್ಲೋರೈಡ್ ಹನಿ ಹಾಕಿದ ಕೂಡ್ಲೆ ನೇರಳಿ ಬಣ್ಣ ಬಂತ್ರಿ ಮೇಡಂ. ಮತ್ತೊಮ್ಮಿ ಮಾಡಿದ್ರೂ ಅದ ಬಂತ್ರಿ. ಸ್ಯಾಲಿಸಿಲಿಕ್‌ಗೆ ಅಲ್ರಿ ಆ ಬಣ್ಣ ಬರೂದು, ಬೆಂಜೋಯಿಕ್ ಹೆಂಗ ಆಕ್ಕೈತ್ರಿ ಅದು?"

ಮೇಡಂ ಅವಳ ಪೊಟ್ಟಣದಿಂದ ಒಂದು ಚಿಟಿಕೆ ನಳಿಕೆಗೆ ಹಾಕಿ, ನೀರು ಬೆರೆಸಿ, ಹನಿ ಬಿಟ್ಟರು. ರಸಾಯನದ ಗಂಧವಿಲ್ಲದ ನನ್ನ ಕಣ್ಣಿಗೂ ಕಂಡಿತು, ಮಾಗಿದ ನೇರಳೆ ಹಣ್ಣಿನ ಬಣ್ಣ. ಅವರು ಕಪಾಟಿನಿಂದ ಬಾಟಲಿ ತೆಗೆದು ತಿರುಗಿಸಿ ನೋಡಿದರು. ಸೆಕೆಗೆ ಮೇಲಿನ ಚೀಟಿ ಕಳಚಿ ಬಿದ್ದು, ಅಡಿಯಲ್ಲಿದ್ದ ಬೆಂಜೋಯಿಕ್ ಆಮ್ಲ ಎಂಬ ಹಳೆಯ ಹೆಸರು ಹೊರಬಂದಿತ್ತು. ಅದನ್ನೇ ಓದಿ ಪೊಟ್ಟಣ ಕಟ್ಟಿದವರು ಅವರೇ.

"ಹುಡುಗಿ ಖರೆ ಬರದಾಳ್ರಿ," ಎಂದರು, ಇಡೀ ಪ್ರಯೋಗಾಲಯಕ್ಕೆ ಕೇಳುವಂತೆ. "ನಾ ಚೀಟಿ ಓದಿದೆ, ಪುಡಿ ನೋಡಲಿಲ್ಲ. ತಪ್ಪು ನಂದು."

ಪರೀಕ್ಷಕರು ಅವರನ್ನು ಬಾಗಿಲ ಬಳಿ ಕರೆದು ದನಿ ತಗ್ಗಿಸಿದರು. "ಆಕಿಗೆ ಪಾಸಾಗೂವಷ್ಟು ಮಾರ್ಕ್ಸ್ ಹಾಕಿ ಮುಗಿಸೋಣ್ರಿ ಮೇಡಂ. ಮುಂದಿನ ವರ್ಷ ಪರೀಕ್ಷಾ ಮಂಡಳಿ ಅಧ್ಯಕ್ಷರಾಗಾಕ ಹೊಂಟೀರಿ. ಇದನ್ನ ಯಾಕ ಮ್ಯಾಲಿನ ತನಕಾ ಒಯ್ತೀರಿ?"

ಒಯ್ದರು. ಅಂದೇ ವಿಶ್ವವಿದ್ಯಾಲಯಕ್ಕೆ ವರದಿ ಬರೆದು, ಎಲ್ಲರೆದುರು ಸಹಿ ಮಾಡಿದರು. ಉಳಿದವರನ್ನು ಹೊಸ ಪೊಟ್ಟಣ ಕೊಟ್ಟು ಮತ್ತೆ ಕೂರಿಸಿದರು. ಬಾಟಲಿಯ ತಪ್ಪು ತನ್ನದು, ಹಿಂದಿನ ವರ್ಷದವರು ಹೇಳಿದ ಹೆಸರು ನಂಬಿ ಕಾಣದ್ದನ್ನು ಬರೆದ ತಪ್ಪು ಮಕ್ಕಳದು, ಎರಡೂ ಬೇರೆ ಎಂದರು. ಅಧ್ಯಕ್ಷಸ್ಥಾನ ಸದ್ದಿಲ್ಲದೆ ಇನ್ನೊಬ್ಬರ ಪಾಲಾಯಿತು.

ಸುದ್ದಿ ತಿಳಿದ ದಿನ ನನಗೆ ತಡೆಯಲಾಗಲಿಲ್ಲ. "ಯಾಕ್ರೀ ಮೇಡಂ, ಸುಮ್ನ ಇರಬಹುದಿತ್ತಲ್ಲ?" ಎಂದೆ. ಅವರು ಕೋಟಿನ ಗುಂಡಿ ಬಿಚ್ಚುತ್ತಿದ್ದರು. "ನನಗ ಕೆಟ್ಟ ಅನಿಸಿಲ್ಲ ಅಂತ ತಿಳೀಬ್ಯಾಡ್ರಿ ಸರ್, ಭಾಳ ಅನಿಸೈತಿ. ಆದ್ರ ಅಷ್ಟ ಮಂದ್ಯಾಗ ಆಕಿ ಒಬ್ಬಾಕಿನ ಕಂಡದ್ದ ಬರದಾಳ. ನಾ ಸುಮ್ನಿದ್ರ, ಇನ್ನ ಮುಂದ ಆಕೀನೂ ಬರಿಯೂದಿಲ್ಲ."

ಆಫ್ರೀನ ಈಗ ಧಾರವಾಡದಲ್ಲಿದ್ದಾಳೆ.

ಸರಿಯುತ್ತರ ಹೇಳಿಕೊಡುವ ಅಧ್ಯಾಪಕರಿಗೆ ನಮ್ಮಲ್ಲಿ ಬರವಿಲ್ಲ. ನಾನೂ ಅವರಲ್ಲೊಬ್ಬ, ಸಂಬಳಕ್ಕೆ ಮೋಸವಿಲ್ಲದೆ ಹೇಳಿಕೊಡುತ್ತೇನೆ. ಶಿವಗಂಗಾ ಮೇಡಂ ಆ ಪೈಕಿಯವರಲ್ಲ. ಕಲಿಯುವ ಮಗುವೊಂದು ಸರಿಯೆನಿಸಿಕೊಳ್ಳಲು ತಾವು ತಪ್ಪೆನಿಸಿಕೊಳ್ಳಲೇಬೇಕಾದ ಗಳಿಗೆ ಬಂದರೆ, ಅವರು ಎದ್ದು ನಿಂತು ತಪ್ಪಾಗಿಬಿಡುತ್ತಾರೆ.